ಕೊನೆಯ ಕಾರಿನ ಎಡಬಾಗಿಲು

"ಲೇ ಕುಂಟ, ನಿನ್ನ ಇನ್ನೊಂದು ಕಾಲು ಮುರಿದ್ರೂ ಸರಿ, ನಾಡಿದ್ದು ಬೆಳಿಗ್ಗೆ ಹೊತ್ತಿಗೆ ಈ ನಾಲ್ಕು ಬಾಗಿಲು ಗಪ್ಪಂತ ಮುಚ್ಕೋಬೇಕು. ಧಣಿಗಳು ಕೂರೋ ಕಾರು ಇದು, ನಿಮ್ಮಪ್ಪನ ತಳ್ಳುಗಾಡಿ ಅಲ್ಲ."

ಮ್ಯಾನೇಜರು ಇದನ್ನು ಹೇಳುವಾಗ ಕೆಳಗೆ ಕೂತವನ ಮುಖ ನೋಡಲಿಲ್ಲ. ಗ್ರೀಸು ಮೆತ್ತಿದ ನೆಲದಲ್ಲಿ ತನ್ನ ಹೊಳೆಯುವ ಬೂಟನ್ನು ಎಲ್ಲಿ ಊರುವುದು ಎಂಬುದೇ ಅವನಿಗೆ ದೊಡ್ಡ ಯೋಚನೆಯಾಗಿತ್ತು. ಅವನು ಈ ಕಾರ್ಖಾನೆಗೆ ಬಂದು ಎಂಟು ತಿಂಗಳು. ಕಾರು ಕಟ್ಟಿಸಲು ಬಂದವನಲ್ಲ, ಕಾರ್ಖಾನೆ ಬಿಚ್ಚಿಸಲು ಬಂದವನು. ಆ ಕೆಲಸವನ್ನು ಮಾತ್ರ ನಿಯತ್ತಾಗಿ ಮಾಡುತ್ತಿದ್ದ.

ಕೆಳಗೆ ಕೂತವನು ಆಗಲಿ ಸರ್ ಎಂದ. ಇಪ್ಪತ್ತಾರು ವರ್ಷ ಕಾರಿಗೆ ಬಾಗಿಲು ಕೂರಿಸಿದವನು ಅವನು. ಕಾರ್ಖಾನೆಯಲ್ಲಿ ಅವನ ಹೆಸರು ಬಲಗಡೆಯವನು. ಕಾರಿನ ಬಲಮಗ್ಗುಲಿನ ಎರಡು ಬಾಗಿಲು ಅವನ ಪಾಲಿನವು, ಎಡಮಗ್ಗುಲಿನ ಎರಡು ಎಡಗಡೆಯವನ ಪಾಲಿನವು. ಸಂಬಳದ ಚೀಟಿಯಲ್ಲಿ ಇಬ್ಬರಿಗೂ ಬೇರೆ ಹೆಸರಿದ್ದವು, ಅವನ್ನು ಓದಿ ಕರೆದವರಿಲ್ಲ. ಎಡಗಡೆಯವನನ್ನು ಮನೆಗೆ ಕಳಿಸಿ ಎರಡು ವರ್ಷವಾಗಿತ್ತು. ಆಮೇಲೆ ಬಲಕ್ಕೂ ಇವನೇ, ಎಡಕ್ಕೂ ಇವನೇ.

ಹೊರಡುವ ಮುಂಚೆ ಮ್ಯಾನೇಜರು ನಾಡಿದ್ದಿನ ಕಾರ್ಯಕ್ರಮದ ವಿವರ ಹೇಳಿದ. ಇದು ಕಾರ್ಖಾನೆಯ ಕಟ್ಟಕಡೆಯ ಕಾರು. ಗೇಟಿನ ಮುಂದೆ ವೇದಿಕೆ ಹಾಕಿ, ಅದರ ಮೇಲೆ ಇದನ್ನು ನಿಲ್ಲಿಸಿ, ಬಟ್ಟೆ ಹೊದಿಸುತ್ತಾರೆ. ಮಂತ್ರಿಗಳು ಬಟ್ಟೆ ಎಳೆಯುತ್ತಾರೆ, ಧಣಿ ಹಿಂದಿನ ಸೀಟಿನಲ್ಲಿ ಕೂರುತ್ತಾರೆ, ಪೇಪರಿನವರು ಫೋಟೋ ತೆಗೆಯುತ್ತಾರೆ. ಮುಂದಿನ ತಿಂಗಳು ಈ ಶೆಡ್ಡು ಕೆಡವಿ ಇಪ್ಪತ್ತು ಮಹಡಿಯ ಮನೆಗಳನ್ನು ಎಬ್ಬಿಸುತ್ತಾರೆ. ಬಾಗಿಲು ತೆಗೆಯುವುದಕ್ಕೆ ಶೋರೂಮಿನಿಂದ ಯೂನಿಫಾರ್ಮಿನವರು ಬರುತ್ತಾರೆ, ಈ ಅವತಾರದಲ್ಲಿ ನೀನು ಎಲ್ಲರ ಮುಂದೆ ಬಂದು ನಿಂತುಬಿಟ್ಟೀಯ ಎಂದು ಎಚ್ಚರಿಸಿ ಅವನು ಹೋದ.

ಶೆಡ್ಡಿನಲ್ಲಿ ಉಳಿದವರು ಇಬ್ಬರು: ಬಲಗಡೆಯವನು ಮತ್ತು ಗೇಟಿನ ಸೆಕ್ಯುರಿಟಿಯವನು. ಒಂದು ಕಾಲಕ್ಕೆ ಒಂದು ಪಾಳಿಗೆ ಎಂಟುನೂರು ಜನ ಇದ್ದ ಜಾಗ. ಆಗ ಪಕ್ಕದವನ ಜೊತೆ ಮಾತಾಡಬೇಕಾದರೂ ಕಿರುಚಬೇಕಿತ್ತು. ಈಗ ಸ್ಪ್ಯಾನರ್ ಕೆಳಗಿಟ್ಟರೆ ಆ ಸದ್ದು ಆಚೆ ಗೋಡೆಯವರೆಗೂ ಹೋಗಿ ವಾಪಸ್ಸು ಬರುತ್ತಿತ್ತು. ಯಂತ್ರಗಳನ್ನು ಕಿತ್ತ ಕಡೆಯೆಲ್ಲ ನೆಲದಲ್ಲಿ ಬೋಲ್ಟಿನ ತೂತುಗಳು ಉಳಿದಿದ್ದವು. ಮಧ್ಯಾಹ್ನ ಅವನು ಡಬ್ಬಿ ಬಿಚ್ಚಿ ಒಬ್ಬನೇ ಉಣ್ಣುವಾಗ, ತಾನು ಅಗಿಯುವ ಸದ್ದು ತನಗೇ ಕೇಳಿಸಿ ಒಂಥರಾ ನಾಚಿಕೆಯಾಗುತ್ತಿತ್ತು.

ಎಡಗಡೆಯವನಿದ್ದಾಗ ಹೀಗಿರಲಿಲ್ಲ. ಇಬ್ಬರೂ ಸಂಬಂಧಿಕರಲ್ಲದಿದ್ದರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುತ್ತಿದ್ದರು, ನಿನ್ನ ತಂಗಿ ಹೇಗಿದ್ದಾಳೆ ಎಂದು ಕಿಚಾಯಿಸುವ ಹಕ್ಕು ಇಬ್ಬರಿಗೂ ಇರಲಿ ಎಂದು. ಕಾರಿನ ಬೋಳು ದೇಹ ನಡುವೆ ನಿಂತಿರುತ್ತಿತ್ತು. ಆಚೆಯವನ ಸೊಂಟ ಮತ್ತು ಕೈ ಮಾತ್ರ ಈಚೆಯವನಿಗೆ ಕಾಣುತ್ತಿತ್ತು, ಮಾತು ಮಾತ್ರ ಪೂರ್ತಿ ಕೇಳಿಸುತ್ತಿತ್ತು. ಮಗಳ ಸಂಬಂಧ, ಹೊಟ್ಟೆಯ ಗ್ಯಾಸು, ಫೋರ್‌ಮನ್ನಿನ ಎರಡನೇ ಮನೆ, ಎಲ್ಲ ಆ ಖಾಲಿ ಕಾರಿನ ಒಳಗಿಂದ ಹಾದುಹೋಗುತ್ತಿದ್ದವು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ ಪೇಟೆಯಲ್ಲಿ ಎದುರಾದಾಗ ಬಲಗಡೆಯವನಿಗೆ ಅವನ ಗುರುತೇ ಹತ್ತಲಿಲ್ಲ. ಎಡಗಡೆಯವನು ಸೊಂಟದ ಬೆಲ್ಟು ತೋರಿಸಿ, ಈಗ ಗೊತ್ತಾಯ್ತಾ ಭಾವ ಎಂದು ನಕ್ಕಿದ್ದ.

ಅವರಿಬ್ಬರ ನಡುವೆ ಒಂದು ರೂಢಿಯಿತ್ತು. ತನ್ನ ಕಡೆಯ ಬಾಗಿಲು ಮುಗಿದ ಮೇಲೆ ಬಲಗಡೆಯವನು ಕಾರಿನ ತಲೆಯ ಮೇಲೆ ಬೆರಳ ಗಿಣ್ಣಿನಿಂದ ಒಂದು ಸಲ ಕುಟ್ಟುತ್ತಿದ್ದ. ಆಚೆಯವನದೂ ಮುಗಿದಿದ್ದರೆ ಅವನು ಎರಡು ಸಲ ಕುಟ್ಟುತ್ತಿದ್ದ. ಆಗ ಇಬ್ಬರೂ ಕೈಯಿಟ್ಟು ಕಾರನ್ನು ಮುಂದಿನ ಕೆಲಸದವರ ಕಡೆಗೆ ತಳ್ಳುತ್ತಿದ್ದರು. ಮುಗಿಯದಿದ್ದರೆ ಬಾಗಿಲ ಅಂಚಿಗೆ ಹಳದಿ ಅಂಟುಪಟ್ಟಿ ಹಚ್ಚುವುದು. ಪಟ್ಟಿ ಇದ್ದ ಬಾಗಿಲು ಅಂದರೆ ಇನ್ನೂ ಮಂಡಿ ಕಾಣದ ಬಾಗಿಲು ಎಂದು ಲೈನಿನಲ್ಲಿ ಎಲ್ಲರಿಗೂ ಗೊತ್ತಿತ್ತು.

ಈ ಮಂಡಿಯ ಕಥೆಯನ್ನು ಹೇಳಲೇಬೇಕು. ತಗಡನ್ನು ಒತ್ತಿ ಬಾಗಿಲ ಆಕಾರ ಕೊಡುವ ಉಕ್ಕಿನ ಅಚ್ಚುಗಳು ಧಣಿಯ ಅಪ್ಪನ ಕಾಲದಲ್ಲಿ ಹಡಗಿನಲ್ಲಿ ಬಂದವು. ಬರುವಾಗಲೇ ಅವು ಪರದೇಶದವರು ಬಳಸಿ ಬಿಟ್ಟ ಮಾಲು. ಹತ್ತು ವರ್ಷದಲ್ಲಿ ಅಂಚು ಸವೆದುಹೋಯಿತು. ಸವೆದ ಅಚ್ಚಿನಿಂದ ಬಂದ ಪ್ರತಿ ಬಾಗಿಲೂ ಮೇಲಿನ ಮೂಲೆಯಲ್ಲಿ ಒಂದು ಬೆರಳಿನಷ್ಟು ಹೊರಗೆ ಚಾಚಿಕೊಂಡು ಬರುತ್ತಿತ್ತು. ಹೊಸ ಅಚ್ಚು ತರಿಸಿ ಎಂದು ಫೋರ್‌ಮನ್ನು ಬರೆದ ಕಾಗದಗಳು ಆಫೀಸಿನ ಬೀರುವಿನಲ್ಲಿ ಗೆದ್ದಲಿಗೆ ಮೇವಾದವು. ತರಿಸುವ ಜರೂರು ಧಣಿಗೆ ಏನಿತ್ತು? ದೇಶಕ್ಕೆಲ್ಲ ಕಾರು ಮಾಡುತ್ತಿದ್ದವನು ಅವನೊಬ್ಬನೇ. ಹೊರಗಿನಿಂದ ಬರುವ ಕಾರಿಗೆ ಸರ್ಕಾರ ಅದರ ಬೆಲೆಗಿಂತ ಹೆಚ್ಚು ಸುಂಕ ಹಾಕುತ್ತಿತ್ತು. ಜನ ಮುಂಗಡ ಕಟ್ಟಿ ನಾಲ್ಕು ವರ್ಷ ಕಾದು, ಕಾರು ಕೈಗೆ ಬಂದ ದಿನ ಯಾವ ಸಂದೂ ನೋಡದೆ ಮನೆಗೆ ಓಡಿಸಿಕೊಂಡು ಹೋಗುತ್ತಿದ್ದರು. ಕಾರು ದುಡಿದದ್ದು ಕಾರಿಗೆ ಹೋಗಲಿಲ್ಲ. ಅದು ಹೋಟೆಲಾಯಿತು, ಸಿಮೆಂಟ್ ಫ್ಯಾಕ್ಟರಿಯಾಯಿತು, ಊರಾಚೆಯ ಜಮೀನಾಯಿತು. ಬಾಗಿಲು ಮುಚ್ಚಿಸಲು ಅಚ್ಚಿಗಿಂತ ಅಗ್ಗದ ಸಾಮಾನು ಶೆಡ್ಡಿನಲ್ಲೇ ಇತ್ತು, ಅದು ಕೆಲಸಗಾರನ ಮಂಡಿ.

ಬಾಗಿಲನ್ನು ಅರ್ಧ ತೆರೆದು, ಒಳಮೈಯ ನಡುವಿಗೆ ಮಂಡಿ ಒತ್ತಿ, ಎರಡೂ ಕೈಯಲ್ಲಿ ಮೇಲಿನ ಚೌಕಟ್ಟು ಹಿಡಿದು ಎದೆಯ ಕಡೆಗೆ ಎಳೆಯಬೇಕು. ತಗಡು ಎಷ್ಟು ಬಾಗಿತು ಎಂಬುದು ಕಣ್ಣಿಗೆ ತಿಳಿಯುವುದಿಲ್ಲ, ಮಂಡಿಗೆ ತಿಳಿಯುತ್ತದೆ. ಆಮೇಲೆ ರಬ್ಬರು ಸುತ್ತಿದ ಮರದ ಕೊಡತಿಯಿಂದ ಕೀಲಿನ ಹತ್ತಿರ ಮೂರು ಏಟು. ಇದನ್ನು ಯಾರೂ ಹೇಳಿಕೊಟ್ಟದ್ದಲ್ಲ, ಇಬ್ಬರೂ ತಾವೇ ಕಂಡುಕೊಂಡದ್ದು. ದಿನಕ್ಕೆ ಮೂವತ್ತು ಕಾರು, ಒಬ್ಬೊಬ್ಬನಿಗೆ ಅರವತ್ತು ಬಾಗಿಲು. ಇಪ್ಪತ್ತು ವರ್ಷಕ್ಕೆ ಬಲಗಡೆಯವನ ಮಂಡಿ ಊದಿ ಗುಂಡಗಾಯಿತು. ಕಂಪನಿಯ ಡಾಕ್ಟರು ಮುಲಾಮು ಕೊಟ್ಟು, ವಯಸ್ಸಾಯ್ತಲ್ಲಪ್ಪ ಎಂದರು. ಆಗ ಅವನಿಗೆ ನಲವತ್ತೆರಡು.

ಅಷ್ಟರಲ್ಲಿ ಸರ್ಕಾರದ ಕೈ ಬರಿದಾಗಿ ಅದು ಸಾಲಕ್ಕಾಗಿ ಹೊರದೇಶದವರ ಮುಂದೆ ನಿಂತಿತು. ಅವರು ಸುಂಕ ಇಳಿಸಿ ಎಂದರು, ಇವರು ಇಳಿಸಿದರು. ವರ್ಷ ಕಳೆಯುವುದರೊಳಗೆ ರಸ್ತೆಯಲ್ಲಿ ಹೊರಗಿನ ಕಾರುಗಳು ಸದ್ದಿಲ್ಲದೆ ಓಡಾಡತೊಡಗಿದವು. ಅಂಗಳದಲ್ಲಿ ನಮ್ಮ ಕಾರುಗಳು ಸಾಲುಗಟ್ಟಿ ದೂಳು ಹಿಡಿದು ನಿಂತವು. ಹಿಡಿಕೆ, ಕೀಲು, ರಬ್ಬರು ಮಾಡಿ ತಂದುಕೊಡುತ್ತಿದ್ದ ಸುತ್ತಮುತ್ತಲಿನ ಸಣ್ಣ ಶೆಡ್ಡುಗಳು ಒಂದೊಂದಾಗಿ ಬೀಗ ಹಾಕಿದವು. ಆ ದಿನಗಳಲ್ಲೇ ಎಡಗಡೆಯವನು ಕಾರಿನ ಆಚೆಯಿಂದ ಆ ಮಾತು ಆಡಿದ್ದು.

"ಭಾವ, ಒಂದೇ ಒಂದು ವಾರ ಮಂಡಿ ಕೊಡೋದು ಬೇಡ. ಬಾಗಿಲು ಹೆಂಗೆ ಬರುತ್ತೋ ಹಂಗೇ ನೇತುಹಾಕಿ ಬಿಡೋಣ. ಇನ್ನೂರು ಗಾಡಿ ಅಂಗಳದಲ್ಲಿ ಬಾಯಿ ಬಿಟ್ಕೊಂಡು ನಿಂತ್ರೆ ಆ ಸೂಳೆಮಕ್ಕಳಿಗೆ ಅಚ್ಚು ನೆನಪಾಗುತ್ತೆ."

ಬಲಗಡೆಯವನು ಆಗುವುದಿಲ್ಲ ಎಂದ. ಮುಚ್ಚದ ಬಾಗಿಲು ತನ್ನ ಕೈಯಿಂದ ಆಚೆ ಹೋಗಬಾರದು ಎಂಬ ಹಟ ಅವನದು. ನಿಜ ಹೇಳಬೇಕೆಂದರೆ ಅದು ಹಟವಲ್ಲ, ಜಂಬ. ಈ ಮನುಷ್ಯನ ಮಂಡಿಯಲ್ಲಿ ಯಂತ್ರ ಇದೆ ಎಂದು ಧಣಿ ಒಮ್ಮೆ ವಿದೇಶಿ ಅತಿಥಿಗಳ ಎದುರು ಅವನ ಬೆನ್ನು ತಟ್ಟಿದ್ದ. ಬೆನ್ನ ಮೇಲಿನ ಆ ಕೈಯ ಬಿಸಿ ಅವನಿಗೆ ವರ್ಷಗಟ್ಟಲೆ ಆರಿರಲಿಲ್ಲ. ಒಬ್ಬನೇ ಒಂದು ಮಗ್ಗುಲು ನಿಲ್ಲಿಸಿ ಉಪಯೋಗವಿಲ್ಲವೆಂದು ಎಡಗಡೆಯವನೂ ಸುಮ್ಮನಾದ.

ಮನೆಗೆ ಹೋಗುವವರ ಮೊದಲ ಪಟ್ಟಿಯನ್ನು ಗೇಟಿಗೆ ಅಂಟಿಸಿದಾಗ ಅದರಲ್ಲಿ ಮುನ್ನೂರು ಹೆಸರಿತ್ತು, ಎಡಗಡೆಯವನದೂ ಇತ್ತು. ಬಲಗಡೆಯವನದು ಇರಲಿಲ್ಲ. ಆ ದಿನ ಎಡಗಡೆಯವನು ಕಾರಿನ ಈಚೆ ಬಂದು, ಇದಿರಿಗೆ ನಿಂತು, ತನ್ನ ಕೊಡತಿಯನ್ನು ಇವನ ಕಾಲ ಹತ್ತಿರ ಇಟ್ಟ. "ನಿನ್ನ ಮಂಡಿ ಇತ್ತಲ್ಲ ಭಾವ, ಅದಕ್ಕೇ ಅವರಿಗೆ ಅಚ್ಚು ಬೇಕಾಗಲಿಲ್ಲ. ಅಚ್ಚು ತಂದಿದ್ರೆ ಗಾಡಿ ನಿಲ್ತಿತ್ತು, ನಾವೂ ನಿಲ್ತಿದ್ವಿ" ಎಂದ. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಬಲಗಡೆಯವನಿಗೆ ಆ ಮಾತಿನ ಮೇಲೆ ಕೋಪ ಬಂತು, ಆಮೇಲೆ ಕೋಪ ಹೋಗಿ ಮಾತು ಮಾತ್ರ ಉಳಿಯಿತು.

ಮ್ಯಾನೇಜರು ಹೇಳಿಹೋದ ದಿನ ಪಾಳಿ ಮುಗಿದ ಮೇಲೆ ಬಲಗಡೆಯವನು ಶೋರೂಮಿನ ಕಡೆ ನಡೆದ. ಧಣಿಯ ಅಳಿಯನ ಶೋರೂಮು ಅದು. ಮಾವ ಮಾಡುವುದನ್ನು ನಿಲ್ಲಿಸಿದ್ದ, ಅಳಿಯ ಹೊರಗಿನಿಂದ ತಂದು ಮಾರುತ್ತಿದ್ದ, ಮನೆಯ ಊಟದಲ್ಲಿ ಏನೂ ಕಡಿಮೆಯಾಗಿರಲಿಲ್ಲ. ಎಡಗಡೆಯವನಿಗೆ ಅಲ್ಲಿ ಬಾಗಿಲು ತೆಗೆಯುವ ಕೆಲಸ ಸಿಕ್ಕಿದೆ ಎಂದು ಕೇಳಿದ್ದ, ಈವರೆಗೆ ಹೋಗುವ ಧೈರ್ಯ ಬಂದಿರಲಿಲ್ಲ. ಇವತ್ತು ಒಂದು ನೆಪ ಇತ್ತು. ಇದು ಕೊನೆಯ ಕಾರು ಭಾವ, ಹಿಂದಿನ ಗೇಟಿನಿಂದ ಒಂದು ಗಳಿಗೆ ಬಂದು ನಿನ್ನ ಕಡೆಯ ಬಾಗಿಲು ನೀನೇ ಕೂರಿಸಿ ಹೋಗು ಎಂದು ಕರೆಯಬೇಕು ಅಂದುಕೊಂಡಿದ್ದ.

ಎಡಗಡೆಯವನು ಗಾಜಿನ ಬಾಗಿಲ ಆಚೆ ಇದ್ದ. ಕೆಂಪು ಕೋಟು, ಹಿತ್ತಾಳೆಯ ಗುಂಡಿ, ತಲೆಗೆ ಟೋಪಿ, ಕೈಗೆ ಬಿಳಿ ಕೈಗವಸು. ಬಲಗಡೆಯವನು ಗಾಜಿಗೆ ಅಂಗೈ ಇಟ್ಟು ಒಳಗೆ ಇಣುಕಿದ. ಎಡಗಡೆಯವನು ಹೊರಗೆ ಬಂದು, ನೆಟ್ಟಗೆ ನಿಂತು, ಒಂದು ಮೈಲಿ ದೂರದಿಂದೆಂಬಂತೆ ಕೇಳಿದ.

"ಏನು ಬೇಕಿತ್ತು ಸರ್?"

ಸರ್ ಅಂದದ್ದು ಕೆನ್ನೆಗೆ ಹೊಡೆದಂತಾಯಿತು. ಕರೆಯಲು ಬಂದದ್ದನ್ನು ಬಿಟ್ಟು ಬಲಗಡೆಯವನು ಗಾಜಿನಿಂದ ಕೈ ತೆಗೆದ. ಒಳಗಿನಿಂದ ಕೋಟು ತೊಟ್ಟ ಹುಡುಗಿಯೊಬ್ಬಳು ತಲೆ ಹೊರಹಾಕಿ, ಯಾರದು, ಗಾಜೆಲ್ಲ ಗಲೀಜಾಯ್ತಲ್ಲ, ಒರೆಸಿ ಕಳಿಸು ಎಂದಳು. ಎಡಗಡೆಯವನು ಜೇಬಿನಿಂದ ಬಟ್ಟೆ ತೆಗೆದು ಬಲಗಡೆಯವನ ಅಂಗೈ ಗುರುತನ್ನು ಒರೆಸಿದ, ಐದೂ ಬೆರಳು, ಒಂದೊಂದಾಗಿ. ಆಮೇಲೆ ಹೊರಗೆ ನಿಲ್ಲಿಸಿದ್ದ ಹೊಸ ಕಾರಿನ ಬಾಗಿಲು ತೆರೆದು, ಒಂದು ಬೆರಳಿನಿಂದ ಮುಟ್ಟಿದ. ಬಾಗಿಲು ತಾನಾಗಿ ಹೋಗಿ ಮುಚ್ಚಿಕೊಂಡಿತು.

"ಒಂದು ಬೆರಳು ಸಾಕು ಸರ್. ಮಂಡಿ ಬೇಡ."

ಬಲಗಡೆಯವನು ಕುಂಟುತ್ತ ವಾಪಸ್ಸು ಬಂದ. ಕಂಪನಿಯ ಮನೆಗಳ ಸಾಲಿನಲ್ಲಿ ಈಗ ಜನ ಇದ್ದದ್ದು ಅವನ ಮನೆಯಲ್ಲಿ ಮಾತ್ರ. ನೀರು ನಿಲ್ಲಿಸಿದ ಮೇಲೆ ಹೆಂಡತಿ ಮಗಳ ಊರಿಗೆ ಹೋಗಿದ್ದಳು. ಫೋನಿನಲ್ಲಿ ದಿನಾ ಒಂದೇ ಮಾತು, ಇನ್ನೂ ಯಾವ ಸುಖಕ್ಕೆ ಅಲ್ಲಿದ್ದೀರಿ, ಬಂದುಬಿಡಿ ಅಂತ. ಒಂದು ಕಾರು ಬಾಕಿ ಇದೆ ಎಂದು ಅವನು ಹೇಳಿದ. ಅವಳು ಊಟ ಆಯ್ತಾ ಎಂದು ಕೇಳಿ ಫೋನಿಟ್ಟಳು.

ಮರುದಿನ ನಾಲ್ಕೂ ಬಾಗಿಲನ್ನು ಕೀಲಿಗೆ ತೂಗುಹಾಕಿದ. ಬಣ್ಣ ಹೊಡೆದದ್ದೆಲ್ಲ ಮುಂಚೆಯೇ ಮುಗಿದಿತ್ತು, ಕಡುನೀಲಿ. ಬಲಮಗ್ಗುಲಿಗೆ ಬಂದು, ಇನ್ನೂ ಮಂಡಿ ಕೊಡುವ ಮೊದಲೇ, ಅಭ್ಯಾಸಬಲದಿಂದ ಕಾರಿನ ತಲೆಗೆ ಒಂದು ಸಲ ಕುಟ್ಟಿಬಿಟ್ಟ. ಕುಟ್ಟಿದ ಮೇಲೆ ಆಚೆಯಿಂದ ಉತ್ತರಕ್ಕಾಗಿ ಕಾದ. ತಾನು ಕಾಯುತ್ತಿದ್ದೇನೆ ಎಂದು ಗೊತ್ತಾದಾಗ ಅಳು ಬಂತು. ಅಳುವುದಕ್ಕೆ ಅಡ್ಡಿಯೇನಿರಲಿಲ್ಲ, ನೋಡುವವರು ಯಾರೂ ಇರಲಿಲ್ಲ.

ಮೂಗು ಒರೆಸಿಕೊಂಡು, ಎಡ ಹಿಂಬಾಗಿಲನ್ನು ಅರ್ಧ ತೆರೆದು, ಮಂಡಿ ಒತ್ತಿ, ಚೌಕಟ್ಟು ಹಿಡಿದ. ಆಗ ಗೇಟಿನ ಕಡೆಯಿಂದ ಮೈಕು ಕಿರುಗುಟ್ಟಿತು. ನಾಳೆ ಧಣಿ ಮಾಡಬೇಕಾದ ಭಾಷಣವನ್ನು ಮ್ಯಾನೇಜರು ಓದಿ ಮೈಕು ಪರೀಕ್ಷಿಸುತ್ತಿದ್ದ.

"ಹೊಸ ಕಾಲದ ಗುಣಮಟ್ಟಕ್ಕೆ ನಮ್ಮ ಕೆಲಸಗಾರರ ಕೈ ಒಗ್ಗಲಿಲ್ಲ. ಬಾಗಿಲು ಸರಿಯಾಗಿ ಮುಚ್ಚದ ಕಾರನ್ನು ಯಾರು ಕೊಳ್ಳುತ್ತಾರೆ? ಭಾರವಾದ ಮನಸ್ಸಿನಿಂದ..." ಅಲ್ಲಿಗೆ ಮೈಕು ಕೆಟ್ಟಿತು. ಸರಿಮಾಡಿಕೊಂಡು ಮ್ಯಾನೇಜರು ಭಾರವಾದ ಮನಸ್ಸಿನಿಂದಲೇ ಮತ್ತೆ ಶುರುಮಾಡಿದ.

ಬಲಗಡೆಯವನ ಕೈ ಚೌಕಟ್ಟಿನ ಮೇಲೆಯೇ ಇತ್ತು. ನಮ್ಮ ಕೆಲಸಗಾರರ ಕೈ. ನಾಳೆ ಅದು ಪೇಪರಿನಲ್ಲಿ ಬರುತ್ತದೆ. ಮಗಳು ಓದುತ್ತಾಳೆ, ಅವಳ ಅತ್ತೆಮನೆಯವರು ಓದುತ್ತಾರೆ. ಕೆಲಸ ಹೋದವರೆಲ್ಲ ತಮ್ಮ ತಮ್ಮ ಮನೆಯಲ್ಲಿ ಕೂತು, ತಮ್ಮ ಕೈ ಸೊಟ್ಟಗಿತ್ತು ಎಂದು ಓದುತ್ತಾರೆ. ಆ ಮಾತು ಸುಳ್ಳು ಎನ್ನುವುದಕ್ಕೆ ಈಗ ಒಂದೇ ಸಾಕ್ಷಿ ಉಳಿದಿತ್ತು. ಅದು ಇವನು ಹಿಡಿದಿದ್ದ ಬಾಗಿಲು, ಅಚ್ಚಿನಿಂದ ಹೇಗೆ ಬಂದಿತ್ತೋ ಹಾಗೆ. ಮಂಡಿ ಒತ್ತಿದರೆ ಆ ಸಾಕ್ಷಿಯೂ ಹೋಗುತ್ತದೆ.

ಮಂಡಿ ತೆಗೆದ. ಹಾಗೆ ತೆಗೆಯುವುದು ಸುಲಭದ ಮಾತಾಗಿರಲಿಲ್ಲ. ಮುಚ್ಚದ ಬಾಗಿಲು ಎದುರಿಗಿದ್ದರೆ ಅವನಿಗೆ ಉಗುರಿನಡಿ ಮುಳ್ಳು ಹೊಕ್ಕಂತೆ ಹಿಂಸೆ. ಎರಡು ಸಲ ತಿರುಗಿ ಬಂದು ಚೌಕಟ್ಟು ಹಿಡಿದ, ಎರಡು ಸಲವೂ ಬಿಟ್ಟ. ಕೊನೆಗೆ ಹಳದಿ ಅಂಟುಪಟ್ಟಿ ತಂದು ನಾಲ್ಕೂ ಬಾಗಿಲನ್ನು ಒತ್ತಿ ಹಿಡಿದು ಅಂಚಿಗೆ ಹಚ್ಚಿದ.

ಸಂಜೆ ಮ್ಯಾನೇಜರು ಬಂದು, ಇದೇನು ಪಟ್ಟಿ ಎಂದು ಕೇಳಿದ. ಬಣ್ಣಕ್ಕೆ ಗೀರು ಬೀಳಬಾರದು ಅಂತ ಸರ್ ಎಂದ ಬಲಗಡೆಯವನು. ಬಾಗಿಲು ತೆಗೆದು ನೋಡಬೇಕೆಂದು ಮ್ಯಾನೇಜರಿಗೆ ಹೊಳೆಯಲಿಲ್ಲ. ತಪಾಸಣೆ ಮಾಡುತ್ತಿದ್ದವರನ್ನು ಅವನೇ ಮೊದಲ ತಿಂಗಳಲ್ಲಿ ಮನೆಗೆ ಕಳಿಸಿದ್ದ. ಕುಂಟನಿಗೂ ಒಂಚೂರು ಬುದ್ಧಿ ಇದೆ ಅನ್ನು ಎಂದು ನಕ್ಕು, ನಾಳೆ ಬಟ್ಟೆ ಎಳೆದ ಮೇಲೆ ಯೂನಿಫಾರ್ಮಿನವನು ಪಟ್ಟಿ ಕೀಳುತ್ತಾನೆ, ನೋಡುವುದಕ್ಕೂ ಚೆನ್ನಾಗಿರುತ್ತದೆ ಎಂದ.

ಬೆಳಿಗ್ಗೆ ವೇದಿಕೆಯ ಸುತ್ತ ಕುರ್ಚಿಗಳು, ಕ್ಯಾಮೆರಾಗಳು. ಬಲಗಡೆಯವನಿಗೆ ನೀರಿನ ಡ್ರಮ್ಮಿನ ಹಿಂದೆ ನಿಲ್ಲಲು ಹೇಳಿದ್ದರು. ಧಣಿಯ ಭಾಷಣ ಮುಗಿಯಿತು, ಕೆಲಸಗಾರರ ಕೈಯ ಮಾತು ಬಂದಾಗ ಮಂತ್ರಿಗಳು ತಲೆದೂಗಿದರು. ಬಟ್ಟೆ ಎಳೆದಾಗ ಚಪ್ಪಾಳೆ ಬಿತ್ತು. ಕೆಂಪು ಕೋಟಿನವನು ಎಡಮಗ್ಗುಲಿಗೆ ಬಂದು ನಿಂತ. ಟೋಪಿಯ ಕೆಳಗಿನ ಮುಖ ಕಾಣುವ ಮೊದಲೇ ಬಲಗಡೆಯವನಿಗೆ ಆ ಸೊಂಟ ಗುರುತು ಸಿಕ್ಕಿತು.

ಎಡಗಡೆಯವನು ಹಳದಿ ಪಟ್ಟಿಯನ್ನು ನೋಡಿದ. ನೋಡಿ, ಬಾಗಿಲ ಮೇಲಿನ ಮೂಲೆಯನ್ನು ನೋಡಿದ. ಕೈಗವಸಿನ ಬೆರಳು ಪಟ್ಟಿಯ ತುದಿಯಲ್ಲಿ ಒಂದು ಕ್ಷಣ ನಿಂತಿತು. ಆಗ ಮ್ಯಾನೇಜರಿಗೆ ಒಂದು ಮಾತು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನು ಹೇಳಲಿಲ್ಲ. ಪಟ್ಟಿಯನ್ನು ಸರಕ್ಕನೆ ಕಿತ್ತು, ಬಾಗಿಲು ತೆರೆದು, ಸೊಂಟ ಬಗ್ಗಿಸಿದ.

ಧಣಿ ಒಳಗೆ ಕೂತು ಕ್ಯಾಮೆರಾಗಳ ಕಡೆ ಹಲ್ಲು ಬಿಟ್ಟ. ಎಡಗಡೆಯವನು ಒಂದು ಬೆರಳಿನಿಂದ ಬಾಗಿಲು ತಳ್ಳಿದ. ಅದು ಹೋಗಿ ಚೌಕಟ್ಟಿಗೆ ತಾಗಿ ವಾಪಸ್ಸು ಬಂತು. ಮತ್ತೆ ತಳ್ಳಿದ, ಮತ್ತೆ ಬಂತು. ಧಣಿಯೇ ಒಳಗಿನಿಂದ ದಢಾರನೆ ಎಳೆದುಕೊಂಡ. ಬಾಗಿಲು ಮೇಲಿನ ಮೂಲೆಯಲ್ಲಿ ಒಂದು ಬೆರಳು ಸಂದು ಬಿಟ್ಟು, ಮೆಲ್ಲಗೆ ಪೂರ್ತಿ ತೆರೆದುಕೊಂಡಿತು. ಕುರ್ಚಿಗಳ ಕಡೆಯಿಂದ ಯಾರೋ ನಕ್ಕರು.

ಮ್ಯಾನೇಜರು ಓಡಿಬಂದು ಎಡಗಡೆಯವನ ಕಿವಿಯ ಹತ್ತಿರ ಹಲ್ಲು ಕಡಿದ. ನೀನೂ ಇಲ್ಲೇ ಬಾಗಿಲು ಕೂರಿಸ್ತಿದ್ದವನಂತಲ್ಲ ಬೋಳಿಮಗನೆ, ಮಂಡಿ ಕೊಟ್ಟು ಸರಿಮಾಡು ಎಂದ. ಪಕ್ಕದಲ್ಲಿದ್ದ ಮೈಕನ್ನು ಯಾರೂ ಆರಿಸಿರಲಿಲ್ಲ, ಬೈಗುಳವೂ ಊರಿಗೆಲ್ಲ ಕೇಳಿತು, ಉತ್ತರವೂ ಕೇಳಿತು.

"ನಂದು ಬೆರಳಿನ ಕೆಲಸ ಸರ್. ಮಂಡಿ ಕೆಲಸ ಬಿಡಿಸಿ ಎರಡು ವರ್ಷ ಆಯ್ತು."

ಮ್ಯಾನೇಜರ ಕಣ್ಣು ಡ್ರಮ್ಮಿನ ಕಡೆ ತಿರುಗಿತು. ಎಂಟು ತಿಂಗಳಲ್ಲಿ ಮೊದಲ ಸಲ ಅವನ ಬಾಯಲ್ಲಿ, ಸ್ವಲ್ಪ ಬನ್ನಿ ಯಜಮಾನ್ರೆ, ಎಂಬ ಮಾತು ಬಂತು. ಬಲಗಡೆಯವನು ಕುಂಟುತ್ತ ವೇದಿಕೆ ಹತ್ತಿದ. ಎಡಕ್ಕೆ ಹೋಗಲಿಲ್ಲ, ತನ್ನ ಜಾಗಕ್ಕೆ ಹೋಗಿ ನಿಂತ. ಈಗ ಕಾರಿನ ತಲೆಯ ಮೇಲಿಂದ ಎಡಗಡೆಯವನ ಮುಖ ಪೂರ್ತಿ ಕಾಣುತ್ತಿತ್ತು. ಅದೂ ಮುದಿಯಾಗಿತ್ತು.

"ಇದು ಅಚ್ಚಿನಿಂದ ಬಂದ ಬಾಗಿಲು ಸರ್," ಎಂದ ಬಲಗಡೆಯವನು. "ನಮ್ಮ ಕೈ ಇನ್ನೂ ಬಿದ್ದಿಲ್ಲ. ನಿಮ್ಮ ಕಂಪನಿ ಇಷ್ಟು ವರ್ಷ ಮಾಡಿದ್ದು ಇದನ್ನೇ. ಮುಚ್ಚಿದ್ದು ನಾವು."

ಇಷ್ಟು ಹೇಳಿ ಕಾರಿನ ತಲೆಯ ಮೇಲೆ ಗಿಣ್ಣಿನಿಂದ ಒಂದು ಸಲ ಕುಟ್ಟಿದ.

ಮಂತ್ರಿಗಳು ಎದ್ದರು. ಕುರ್ಚಿಗಳು ಕರಕರ ಸರಿದವು. ಸೆಕ್ಯುರಿಟಿಯವನು ಹಿಂದಿನಿಂದ ಬಂದು ಬಲಗಡೆಯವನ ಅಂಗಿಯ ಕಾಲರು ಹಿಡಿದು ಎಳೆದ, ಹೊಲಿಗೆ ಬಿಟ್ಟಿತು. ಬಲಗಡೆಯವನು ಕಾರಿನ ಅಂಚನ್ನು ಹಿಡಿದುಕೊಂಡು ಬಿಡಲಿಲ್ಲ. ಅವನು ಕಾಯುತ್ತಿದ್ದ. ಎರಡು ವರ್ಷ ಅವನು ತನಗೇ ಗೊತ್ತಿಲ್ಲದಂತೆ ಪ್ರತಿ ಕಾರಿನ ಮೇಲೂ ಹೀಗೇ ಕಾದಿದ್ದ.

ಎದುರಿಗೆ ಎಡಗಡೆಯವನು ಬಲಗೈಯ ಕೈಗವಸನ್ನು ಬೆರಳು ಬೆರಳಾಗಿ ಬಿಚ್ಚಿ ಜೇಬಿಗೆ ಹಾಕಿಕೊಂಡ. ಬರಿಯ ಗಿಣ್ಣಿನಿಂದ ಕುಟ್ಟಿದ, ಎರಡು ಸಲ.

ಕಾರನ್ನು ಮುಂದಕ್ಕೆ ತಳ್ಳಬೇಕಾದ ಹೊತ್ತು ಅದು. ಯಾರೂ ತಳ್ಳಲಿಲ್ಲ. ಒಳಗೆ ಧಣಿ ಎರಡೂ ಕೈಯಿಂದ ಬಾಗಿಲನ್ನು ಎಳೆದು ಹಿಡಿದುಕೊಂಡು ಕೂತಿದ್ದ.